ಮರಳಿ ಬಾರದ ಪತ್ರಿಕೆ

ನಮ್ಮ ಸೋದರಮಾವನಿಗೆ ಬರುವಷ್ಟು ಇಂಗ್ಲಿಷ್ ಇಂಗ್ಲೆಂಡಿನವರಿಗೂ ಬರುವುದಿಲ್ಲ! ಹಾಗೆಂದು ಹೇಳುವವನು ಅವನೊಬ್ಬನೇ. ಉಮರ್ಗಾದಲ್ಲಿ ಅವನದೊಂದು ಬಟ್ಟೆ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಡಿಕ್ಷನರಿ, ಕಿಸೆಯಲ್ಲಿ ಕೆಂಪು ಪೆನ್ನು. ಲೂಸ್ ಪೈಜಾಮ ಕೇಳಿ ಬಂದ ಗಿರಾಕಿಗೆ ಮೊದಲು ಪಾಠ, ಆಮೇಲೆ ಪೈಜಾಮ. ಎರಡು ‘ಓ’ ಇದ್ದರೆ ಸಡಿಲ, ಒಂದೇ ‘ಓ’ ಇದ್ದರೆ ಕಳೆದುಕೊಳ್ಳುವುದು. ಪಾಠ ಮುಗಿಯುವಷ್ಟರಲ್ಲಿ ಅವನು ಗಿರಾಕಿಯನ್ನು ಕಳೆದುಕೊಂಡಿರುತ್ತಿದ್ದ.

ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಹೊರಟಿದ್ದೆವು. ತುರೋರಿಯಲ್ಲಿ ಬಸ್ಸು ನಿಂತಿತು. ಎದುರಿಗೆ ನೋಟ್‌ಬುಕ್ಕು, ಪೆನ್ನು ಮಾರುವ ಸ್ಟೇಷನರಿ ಅಂಗಡಿ. ಇಂಗ್ಲಿಷ್ ಬೋರ್ಡಿನಲ್ಲಿ ‘ಇ’ ಇರಬೇಕಾದಲ್ಲಿ ‘ಎ’ ಇತ್ತು. ಮಾಮಾ ಇಳಿದೇಬಿಟ್ಟ, ಹಿಂದೆ ನಾನೂ. ನೀವು ಬರೆಸಿದ್ದರ ಅರ್ಥ ‘ನಿಂತಲ್ಲೇ ನಿಂತದ್ದು’ ಎಂದು ಅಂಗಡಿಯವನಿಗೆ ತಿಳಿಹೇಳಿದ.

"ಖರೇ ಅದರೀ, ಇಪ್ಪತ್ತು ವರ್ಷ ಆಯ್ತು, ಇಲ್ಲೇ ನಿಂತದ" ಎಂದ ಅಂಗಡಿಯವ.

ಬಸ್ಸು ಮಾತ್ರ ನಿಲ್ಲಲಿಲ್ಲ.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನನಗೆ ಇವತ್ತಿಗೂ ನಗು ಬರುವುದಿಲ್ಲ.

ನಮ್ಮ ಕಡೆ ಮದುವೆಯ ಮೊದಲ ಪತ್ರಿಕೆ ದೇವರ ಜಗಲಿಗೆ, ಎರಡನೆಯದು ಸೋದರಮಾವನಿಗೆ. ಅರಿಶಿನ ಕುಂಕುಮ ಹಚ್ಚಿ ಕೊಟ್ಟದ್ದು ಮರಳಿ ಬರಬಾರದು. ಬಂದರೆ ಸಂಬಂಧವೇ ಬೇಡ ಅಂದಂತೆ. ನನ್ನ ತಂಗಿಯ ಮದುವೆಗೆ ಅವ್ವ ಉದಗೀರಿನಿಂದ ತಾನೇ ಹೋಗಿ ತಮ್ಮನ ಕೈಗೆ ಪತ್ರಿಕೆ ಇಟ್ಟುಬಂದಳು. ನಾಲ್ಕನೇ ದಿನ ಅದು ಬಸ್ ಕಂಡಕ್ಟರನ ಕೈಯಲ್ಲಿ ಮನೆಗೆ ಬಂತು, ಮೈತುಂಬ ಕೆಂಪು ಗೀರು! ಇಂಗ್ಲಿಷಿನಲ್ಲಿ ಬಂಧುಗಳ ‘ಪ್ರೆಸೆನ್ಸ್’, ಅಂದರೆ ಉಪಸ್ಥಿತಿ ಕೋರಿದ್ದೆವಲ್ಲ, ಛಾಪಖಾನೆಯವರ ಕೃಪೆಯಿಂದ ಅದು ‘ಪ್ರೆಸೆಂಟ್ಸ್’ ಆಗಿ ಉಡುಗೊರೆ ಕೋರಿದಂತಾಗಿತ್ತಂತೆ. ಕೆಳಗೆ ಹತ್ತಕ್ಕೆ ನಾಲ್ಕು ಅಂಕ. ತಿದ್ದಿ ಮತ್ತೆ ಛಾಪಿಸಲಿ ಎಂಬುದಷ್ಟೇ ಅವನ ತಲೆಯಲ್ಲಿತ್ತು, ರೂಢಿ ಮರೆತೇಹೋಗಿತ್ತು. ಆ ಹೊತ್ತಿಗೆ ನಿಲಂಗಾದ ಬೀಗರು ಪಡಸಾಲೆಯಲ್ಲೇ ಕೂತಿದ್ದರು. ಸೋದರಮಾವನೇ ಪತ್ರಿಕೆ ಮರಳಿಸಿದ್ದಾನೆಂದರೆ ಈ ಮನೆಯಲ್ಲಿ ಏನೋ ಐಬಿದೆ ಎಂದು ಪಿಸುಗುಟ್ಟಿಕೊಂಡರು.

ಮದುವೆಯೇನೋ ಆಯಿತು. ಅವ್ವ ಮಾತ್ರ ಮತ್ತೆ ತಮ್ಮನ ಹೆಸರೆತ್ತಲಿಲ್ಲ. ಅಷ್ಟು ದಪ್ಪದ ಡಿಕ್ಷನರಿ ಓದಿದವನಿಗೆ ಅಕ್ಕನ ಮನಸ್ಸು ಓದಲಿಕ್ಕೆ ಬರಬಾರದೇ? ಸುದ್ದಿ ಹಬ್ಬಿ ಊರವರೂ ಅವನಿಗೆ ಪತ್ರಿಕೆ ಕೊಡುವುದನ್ನು ಬಿಟ್ಟರು. ಆಗಬೇಕಾದದ್ದೇ ಅಂದುಕೊಂಡೆ. ಅವ್ವ ತೀರಿಹೋದಳು. ಮಣ್ಣಿಗೆ ಬಂದವನು ದೂರವೇ ನಿಂತು ಹೋದ.

ಈ ವರ್ಷ ನನ್ನ ಮಗಳ ಮದುವೆ. ಹೆಂಡತಿಯ ಕಾಟಕ್ಕೆ ಅವನಿಗೂ ಒಂದು ಪತ್ರಿಕೆ ಕೊಟ್ಟುಬಂದೆ. ಮರಳಿ ಬರಲಿ, ಆಮೇಲೆ ಅವನಿಗೆ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿ ಕಾದೆ. ಪತ್ರಿಕೆ ಬರಲಿಲ್ಲ, ಅವನೇ ಬಂದ. ಮೊಮ್ಮಗಳಿಗೆ ಸೀರೆ ಕೊಟ್ಟ, ಉಂಡ, ಹೋದ.

ಮದುವೆಯ ಲಾಡು ಕೊಡಲು ಉಮರ್ಗಾಕ್ಕೆ ಹೋದೆ. ಪತ್ರಿಕೆ ಅವನ ದೇವರ ಜಗಲಿಯ ಮೇಲಿತ್ತು. ಒಂದೇ ಒಂದು ಕೆಂಪು ಗೀರಿಲ್ಲ. ಎತ್ತಿಕೊಂಡು ಮೊದಲ ಸಲ ಸರಿಯಾಗಿ ಓದಿದೆ. ಬಂಗಾರದ ಅಕ್ಷರಗಳಲ್ಲಿ ‘ವೆಡ್ಡಿಂಗ್’ ಹೋಗಿ ‘ವೀಡಿಂಗ್’ ಆಗಿತ್ತು. ಮಗಳ ಮದುವೆಗೆಂದು ಕರೆದ ಐನೂರು ಮಂದಿಯನ್ನು ನಾನು ಹೊಲದ ಕಳೆ ತೆಗೆಯುವ ಸಮಾರಂಭಕ್ಕೆ ಕರೆದಿದ್ದೆ!

"ಮಾಮಾ, ಇದು ನೀ ನೋಡಿಲ್ಲೇನು?"

"ನೋಡೀನಿ. ಹದಿನಾರು ವರ್ಷದಾಗ ನಮ್ಮ ಮನಿಗಿ ಇದೊಂದೇ ಪತ್ರಿಕಾ ಬಂದದ. ಪೆನ್ ಹಚ್ಚಲಿಕ್ಕ ಮನಸ್ಸಾಗಲಿಲ್ಲ."

ಈ ಮನಸ್ಸು ಹದಿನಾರು ವರ್ಷದ ಹಿಂದೆ ಎಲ್ಲಿಗೆ ಹೋಗಿತ್ತು? ಕೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ:

"ಅಕ್ಕ ಅವತ್ತ ಭಾಳ ಅತ್ತಿದ್ದಳೇನೋ?"

ಅವ್ವ ಮೂರು ದಿನ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಈ ಮಾತನ್ನು ಅವನ ಮುಖದ ಮೇಲೆ ಎಸೆಯಬೇಕೆಂದೇ ಇಷ್ಟು ವರ್ಷ ಕಾದಿಟ್ಟಿದ್ದೆ. ಅವನು ಕೈಯಲ್ಲಿದ್ದ ಲಾಡನ್ನು ತಿನ್ನದೆ ಜಗಲಿಯ ಮೇಲಿಟ್ಟ.

"ಇಲ್ಲ ಮಾಮಾ, ನಕ್ಕಿದ್ದಳು" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಹೇಳಿದ್ದು ತಪ್ಪೆಂದು ಅವನಿಗೆ ಗೊತ್ತಾಗಿತ್ತು. ತಿದ್ದಲಿಲ್ಲ.