ಕಂಪ್ಯೂಟರಿನ ಮೀಸೆ

ಗಾಬರಿಯಾಗಲು ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಅಸೂಯೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿಬಂದವನು ನಾನು. ಆ ದಿನ ಮನೆಯಲ್ಲಿ ಗ್ಯಾಸೇ ಮುಗಿದಿತ್ತು. ಇಂಥವನ ಕೈಗೆ ಬಂಟ್ವಾಳದ ಪಾರ್ಸೆಲ್ ಆಫೀಸಿನವರು ತಮ್ಮ ಡೇಟಾಬೇಸನ್ನು ಒಪ್ಪಿಸಿದ್ದಾರೆ.

ನಮ್ಮ ಗಿರಾಕಿಗಳಲ್ಲಿ ಒಬ್ಬರು ಮೂಡಬಿದ್ರಿ ಎಂದು ಬರೆದರೆ ಇನ್ನೊಬ್ಬರು ಮೂಡುಬಿದಿರೆ ಎನ್ನುತ್ತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಊರು. ಅದಕ್ಕೆಂದೇ ಹಿಂದೊಮ್ಮೆ ನಾನೊಂದು ಹೊಸ ಚಿಹ್ನೆ ಹುಟ್ಟಿಸಿದೆ: =~=. ಎಡಗಡೆಯದ್ದೂ ಬಲಗಡೆಯದ್ದೂ ಹೆಚ್ಚುಕಡಿಮೆ ಒಂದೇ ಎಂದು ಅರ್ಥ. ನೋಡಲು ಥೇಟ್ ಮೀಸೆಯಂತಿದ್ದುದರಿಂದ ಆಫೀಸಿನಲ್ಲಿ ಅದಕ್ಕೆ 'ಸರ್ ಅವರ ಮೀಸೆ' ಎಂದೇ ಹೆಸರು. ಆದರೆ ಮೀಸೆಗೆ ಉದಾರಬುದ್ಧಿ ಸ್ವಲ್ಪ ಜಾಸ್ತಿ. ಹೆಸರಿನ ಬಾಲ ಮಾತ್ರ ನೋಡಿ, ಪಾಣೆಮಂಗಳೂರೂ ಮಂಗಳೂರೂ ಒಂದೇ ಎಂದು ತೀರ್ಮಾನಿಸಿತು. ಬೆಳ್ತಂಗಡಿಯಲ್ಲಿ ತಯಾರಾದ, ಪಾಣೆಮಂಗಳೂರಿನ ಅಜ್ಜರೊಬ್ಬರ ಹಲ್ಲಿನ ಸೆಟ್ಟು, ಮೊಮ್ಮಗಳ ಮದುವೆಯ ಮುನ್ನಾದಿನ ಮಂಗಳೂರು ಸೇರಿತು. ಅಜ್ಜ ಮದುವೆಯಲ್ಲಿ ಪಾಯಸ ಮಾತ್ರ ಉಂಡರು.

ಸಡಿಲವಾಗಿದ್ದ ಆ ಸೆಟ್ಟು ರಿಪೇರಿಗೆ ಹೋಗಿ ಮತ್ತೆ ಬರುವುದಿತ್ತು. ಭಾನುವಾರ ಅಜ್ಜನಿಗೆ ಬೀಗರ ಮನೆಯಲ್ಲಿ ಕೋಳಿಸಾರು, ಗರಿಗರಿ ಕೋರಿರೊಟ್ಟಿಯ ಊಟ. "ಮೊದಲು ಆ ಮೀಸೆ ತೆಗೀರಿ" ಎಂದರು ಆಫೀಸಿನ ಧಣಿಗಳು. "ಈ ಸಲ ಹಲ್ಲು ದಾರಿ ತಪ್ಪಿದರೆ ನನ್ನ ಅರ್ಧ ಮೀಸೆ ಬೋಳಿಸ್ತೇನೆ" ಎಂದುಬಿಟ್ಟೆ.

ಹುಟ್ಟಿಸಿದಷ್ಟು ಸುಲಭವಲ್ಲ ತೆಗೆಯುವುದು. 'ಇದನ್ನು ನಂಬಿಕೊಂಡವರಿದ್ದಾರೆ' ಎಂದು ಡೇಟಾಬೇಸ್ ತಡೆಯಿತು. ನೋಡಿದರೆ ಕೌಂಟರಿನ ಹುಡುಕಾಟವೆಲ್ಲ ಮೀಸೆಗೇ ಜೋತುಬಿದ್ದಿದೆ! ಕ್ಯಾಸ್ಕೇಡ್ ಎಂಬ ಒಂದು ಪದ ಸೇರಿಸಿದರೆ ನಂಬಿದವರನ್ನೂ ಒಟ್ಟಿಗೇ ಗುಡಿಸಿಹಾಕುತ್ತದೆ. ಅದಕ್ಕೆ ನನ್ನ ಬೆರಳು ಒಪ್ಪಲಿಲ್ಲ. ಹುಡುಕಾಟಕ್ಕೆ ಬೇರೆ ವ್ಯವಸ್ಥೆ ಮಾಡಿದೆ. ಚಿಹ್ನೆಯ ಎಡಬಲಗಳಲ್ಲಿ ಏನು ಬರುತ್ತದೆಂದು ಹೇಳದೆ ಅದನ್ನು ಅಳಿಸಲಾಗದು; ಎಡಕ್ಕೆ ಊರಿನ ಹೆಸರು, ಬಲಕ್ಕೂ ಊರಿನ ಹೆಸರು ಎಂದು ವಿಧಿವತ್ತಾಗಿ ಬರೆದು ತೆಗೆದೆ.

"ಹೋಯ್ತಾ ಸರ್ ಮೀಸೆ?" ಎಂದಳು ಕೌಂಟರಿನ ಜಯಂತಿ.

"ಬುಡಸಮೇತ!"

ಶನಿವಾರ ಅಜ್ಜನ ಫೋನು. "ನನ್ನ ಹಲ್ಲು ಪುನಃ ಮಂಗಳೂರಿಗೆ ಹೋಗಿದೆಯಂತೆ. ಅದಕ್ಕೆ ಅಲ್ಲಿ ಯಾರಾದರೂ ನೆಂಟರುಂಟಾ ಮಾರಾಯ್ರೇ?"

ತಡಕಾಡಿದೆ. ಆ ಚಿಹ್ನೆಗೆ ನಾನೇ ಹುಟ್ಟಿಸಿ ಮರೆತ ಅವಳಿಯೊಂದು ಇತ್ತು! ಅದೇ ಮುಖ, ಆದರೆ ಬಲಗಡೆ ಹೆಸರಿನ ಬದಲು ಪಿನ್‌ಕೋಡ್. ಫೋನ್ ಬುಕಿಂಗೆಲ್ಲ ಅದರ ಕೈಯಲ್ಲಿ; ಈ ಸಲ ಹಲ್ಲು ಬುಕ್ ಆದದ್ದೂ ಫೋನಿನಲ್ಲೇ. ಎಡ ಬಲ ಹೇಳಿ ಒಂದನ್ನು ತೆಗೆದರೆ ಇನ್ನೊಂದು ಸುಮ್ಮನೆ ಕೂತಿರುತ್ತದೆ.

"ಅರ್ಧ ಮೀಸೆ ಬಾಕಿ ಉಂಟಲ್ಲ ಸರ್, ಕನ್ನಡಿ ಕೊಡ್ಲಾ?" ಎಂದಳು ಜಯಂತಿ.

ಆ ಅವಳಿಯನ್ನೂ ತೆಗೆದು, ನಾನೇ ಬಸ್ಸು ಹತ್ತಿ ಮಂಗಳೂರಿನಿಂದ ಹಲ್ಲನ್ನು ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಅಜ್ಜ ಅಲ್ಲೇ ತೊಟ್ಟು, ಒಂದು ಚಕ್ಕುಲಿ ಕಟುಂ ಎನಿಸಿ, "ಅಡ್ಡಿಲ್ಲ" ಎಂದರು.

ಬರುವ ದಾರಿಯಲ್ಲಿ ಕ್ಷೌರದಂಗಡಿ. "ಎಡವಾ, ಬಲವಾ?" ಎಂದು ಕೇಳಿದ ಕ್ಷೌರಿಕನಿಗೆ, "ಎರಡೂ. ಒಂದನ್ನು ಬಿಟ್ಟರೆ ಏನಾಗ್ತದೆ ಅಂತ ನನಗೆ ಗೊತ್ತುಂಟು" ಎಂದೆ.

ಮನೆಯ ಬಾಗಿಲು ತೆರೆದ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮವರು ಆಫೀಸಿನಿಂದ ಇನ್ನೂ ಬರಲಿಲ್ಲ, ಆಮೇಲೆ ಬನ್ನಿ" ಎಂದು ಬಾಗಿಲು ಹಾಕಿದಳು. ತೆಗೆಯುವ ಮೊದಲು ಅದನ್ನು ನಂಬಿಕೊಂಡವರು ಯಾರ್ಯಾರು ಎಂದು ನೋಡಿಕೊಳ್ಳುವುದನ್ನು ಈ ಸಲವೂ ಮರೆತಿದ್ದೆ.