ಆರಡಿ ಒಂದಿಂಚಿನ ಪಜೀತಿಗಳು

ಆರಡಿ ಒಂದಿಂಚು ಎತ್ತರದ ಹೆಣ್ಣುಮಗಳು ಬೀದರ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತರೂ ಏನಾದರೊಂದು ಆಗಿಯೇ ಆಗುತ್ತದೆ. ಒಬ್ಬರು ಎತ್ತರ ಎಷ್ಟು ಎಂದು ಕೇಳುತ್ತಾರೆ. ಇನ್ನೊಬ್ಬರು ಪೊಲೀಸಿನವರೇ ಎಂದು ಕೇಳುತ್ತಾರೆ. ಮತ್ತೊಬ್ಬರು ಏನೂ ಕೇಳದೆ, "ಅಕ್ಕಾರ, ಆ ಬೋರ್ಡ್‌ನ್ಯಾಗ ಔರಾದ ಬಸ್ ಎಷ್ಟಕ್ಕ ಅಂತ ಬರದಾರ ನೋಡ್ರಿ" ಎಂದು ಕೆಲಸವನ್ನೇ ಹಚ್ಚಿಬಿಡುತ್ತಾರೆ. ನಾನೂ ನೋಡಿ ಹೇಳುತ್ತೇನೆ. ವಾದ ಮಾಡುವ ಶಕ್ತಿ ಈಗ ಇಲ್ಲ.

ಸಂಬಳ ತಗೊಂಡು ಹದಿನೇಳು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದೆ. ಅದೇ ನನ್ನ ಉದ್ಯೋಗ, ಅದೇ ನನ್ನ ಊಟ. ಆಟದ ಕೋಟಾದಲ್ಲಿ ಒಂದು ಇಲಾಖೆಯ ನೌಕರಿ ಸಿಕ್ಕಿತು, ಆ ಇಲಾಖೆಯ ತಂಡಕ್ಕೆ ಊರೂರು ತಿರುಗಿ ಆಡಿದೆ. ಮೊಳಕಾಲು ಸವೆಯಿತು, ಸೊಂಟ ಹಿಡಿಯಿತು. ಈಗ ಯಾರಾದರೂ ಮೈಕು ಕೈಗೆ ಕೊಟ್ಟು "ನಿಮ್ಮ ಆಟದ ಅನುಭವ ಹೇಳ್ರಿ" ಅಂದರೆ ನನಗೆ ಕಪ್ಪು, ಪದಕ ನೆನಪಾಗುವುದಿಲ್ಲ. ಇಂಥವೇ ನೆನಪಾಗುತ್ತವೆ.

ಕೊನೆಯ ಸಾಲು

ಠಾಣಾ ಕುಶನೂರಿನ ನಮ್ಮ ಸಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಚೆಂಡೂ ಇರಲಿಲ್ಲ, ಕಂಬವೂ ಇರಲಿಲ್ಲ. ಇದ್ದವರು ಒಬ್ಬ ಪಿ.ಟಿ. ಮಾಸ್ತರು. ಎಂಟನೇ ತರಗತಿಗೆ ಬರುವಷ್ಟರಲ್ಲಿ ನಾನು ಅವರಿಗಿಂತ ನಾಲ್ಕು ಬೆರಳು ಎತ್ತರ ಬೆಳೆದಿದ್ದೆ. ಬೀದರಿನಲ್ಲಿ ಕ್ರೀಡಾ ಹಾಸ್ಟೆಲಿಗೆ ಎತ್ತರದ ಹುಡುಗಿಯರನ್ನು ಆರಿಸುತ್ತಾರೆಂದು ಪೇಪರಿನಲ್ಲಿ ಓದಿ, ಅಪ್ಪನನ್ನು ಒಪ್ಪಿಸಿ, ಮುಂಜಾನೆಯ ಮೊದಲ ಬಸ್ಸಿಗೆ ನನ್ನನ್ನು ಹತ್ತಿಸಿಕೊಂಡು ಹೋದರು.

ಮೈದಾನದಲ್ಲಿ ಎಲ್ಲ ಹುಡುಗಿಯರೂ ಬೂಟು ಹಾಕಿದ್ದರು. ನಾನು ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತೆ. ಆರಿಸಲು ಬಂದಿದ್ದ ಮೇಡಂ ನನ್ನ ಎತ್ತರ ಅಳೆದರು. ನಂಬಿಕೆ ಬಾರದೆ ಟೇಪು ತಿರುಗಿಸಿ ಇನ್ನೊಮ್ಮೆ ಅಳೆದರು. ಆಮೇಲೆ ಕಣ್ಣಲ್ಲಿ ಆಸೆ ತುಂಬಿಕೊಂಡು ಕೇಳಿದರು:

"ಯಾವ ಪೊಸಿಷನ್ನಾಗ ಆಡ್ತಿ?"

ನಾನು ಮಾಸ್ತರ ಮುಖ ನೋಡಿದೆ. ಮಾಸ್ತರು ಆಕಾಶ ನೋಡಿದರು. ಪ್ರಾರ್ಥನೆ ಇರಲಿ, ಫೋಟೋ ಇರಲಿ, ಪರೀಕ್ಷೆ ಇರಲಿ, ನನಗೆ ಅಲ್ಲಿಯತನಕ ಸಿಕ್ಕಿದ್ದ ಜಾಗ ಒಂದೇ.

"ಕೊನೀ ಸಾಲ್ರಿ ಮೇಡಂ," ಅಂದೆ. "ಗ್ವಾಡಿ ಕಡಿ."

ಮೇಡಂ ನಗಲಿಲ್ಲ. ಕಾಗದದ ಮೇಲೆ ಏನೋ ಬರೆದುಕೊಂಡರು. ಹಾಸ್ಟೆಲ್ ಸೇರಿದ ಮೇಲೆ ಆ ಕಾಗದ ನನ್ನ ಕಣ್ಣಿಗೆ ಬಿತ್ತು. "ಎತ್ತರ ಇದೆ. ಉಳಿದದ್ದನ್ನು ಕಲಿಸಬೇಕು" ಎಂದು ಬರೆದಿದ್ದರು. ಆ ಉಳಿದದ್ದು ಇನ್ನೂ ಪೂರ್ತಿ ಆಗಿಲ್ಲ.

ಎಡಗಡೆಯ ಬೇಲಿ

ಅಪ್ಪ ಕುರಿ ಸಾಕುವವನು. ನಾನು ನೌಕರಿ ಸೇರಿ ಮೂರು ವರ್ಷವಾದರೂ ನನ್ನ ಒಂದು ಆಟವನ್ನೂ ನೋಡಿರಲಿಲ್ಲ. "ಕುರಿ ಯಾರ ಕಾಯಬೇಕು?" ಅನ್ನುತ್ತಿದ್ದ. ಬೀದರಿನಲ್ಲೇ ಪಂದ್ಯಾವಳಿ ಬಿದ್ದಾಗ ಕಾಕಾನಿಗೆ ಕುರಿ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಕೈಯಲ್ಲಿನ ಬಡಿಗೆಯನ್ನು ವಾಚ್‌ಮನ್ ಗೇಟಿನಲ್ಲೇ ಇಸಿದುಕೊಂಡ.

ಅವತ್ತು ನಾವು ಹದಿನಾಲ್ಕು ಅಂಕಗಳಿಂದ ಸೋತೆವು. ನಮ್ಮ ಕೋಚು ಬೆಂಗಳೂರಿನ ಕಡೆಯವರು. ಬಿಳಿ ಬೋರ್ಡಿನ ಮೇಲೆ ಬಣ್ಣದ ಗುಂಡಿಗಳನ್ನು ಅಂಟಿಸಿ, ಸರಿಸಿ, ತೆಗೆದು, ಅರ್ಧ ತಾಸು ನಮ್ಮನ್ನು ಬೈದರು. ಅಪ್ಪ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಬೈದು ಸುಸ್ತಾದ ಕೋಚು ಮರ್ಯಾದೆಗೆ ಅವನ ಕಡೆ ತಿರುಗಿದರು.

"ಏನಂತೀರಿ ಯಜಮಾನರೇ? ಮಗಳ ಆಟ ಹೇಗಿತ್ತು?"

"ಆಟ ನನಗ ತಿಳಿಯಂಗಿಲ್ರಿ ಸಾಹೇಬ್ರ," ಅಂದ ಅಪ್ಪ. "ಖರೆ, ನಿಮ್ಮ ಎಡಗಡಿ ಬೇಲಿ ತೆರದೇ ಇತ್ತು ನೋಡ್ರಿ. ಅವರ ಹುಡುಗ್ಯಾರೆಲ್ಲ ಅಲ್ಲಿಂದನ ಒಳಗ ಬರ್ಲತ್ತಿದ್ರು. ಇಕಿ ಬಲಕ್ಕ ನಿಂತು ಏನ್ ಕಾಯ್ಲತ್ತಿದ್ಳೋ ಏನೋ."

ಕೋಚು ಬೋರ್ಡು ನೋಡಿದರು. ಅಪ್ಪನನ್ನು ನೋಡಿದರು. ಒಂದು ಗುಂಡಿಯನ್ನು ಬಲದಿಂದ ಕಿತ್ತು ಎಡಕ್ಕೆ ಅಂಟಿಸಿದರು. ಮರುದಿನ ಗೆದ್ದೆವು. ಅದರ ಮರುದಿನವೂ ಗೆದ್ದೆವು. ಆಗ ಕೋಚು ನನ್ನನ್ನು ಮೂಲೆಗೆ ಕರೆದು ಕೇಳಿದರು:

"ನಿಮ್ಮ ತಂದೆ ಎಲ್ಲಿ ಕೋಚಿಂಗ್ ಮಾಡಿದ್ದು?"

"ಔರಾದ ಕಡೆ ಸರ್. ಎಂಬತ್ತು ಕುರಿ, ಎರಡು ನಾಯಿ."

ಕೋಚು ಬೆರಳು ಮಡಚಿ ಲೆಕ್ಕ ಹಾಕಿದರು.

"ಎಂಬತ್ತಕ್ಕೆ ಎರಡೇ ಸಾಕಾಗುತ್ತಾ?" ಅಂದರು. "ನನಗೆ ಐದು ಜನರನ್ನು ತಡೆಯೋಕೆ ಐದು ಜನ ಇದ್ದೂ ಸಾಲ್ತಿಲ್ಲ."

ಏಳಬೇಡ

ಭಾಲ್ಕಿ ಕಡೆಯಿಂದ ನನಗೆ ಬಂದ ಒಂದು ಸಂಬಂಧ ಕೂಡಿಬರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗಿಂತ ಅವ್ವನಿಗೇ ಅದರ ಬೇಸರ ಹೆಚ್ಚು ದಿನ ಇತ್ತು.

ನನಗೆ ಆಗ ಇಪ್ಪತ್ತೈದು. ಗಂಡಿನವರು ಬರುವ ಮೊದಲೇ ಅವ್ವ ನನ್ನನ್ನು ಜಮಖಾನೆಯ ಮೇಲೆ ಕೂಡಿಸಿ ತಾಕೀತು ಮಾಡಿದಳು: "ಅವರು ಹೋಗೋತನ ಏಳಬ್ಯಾಡ. ಏನ್ ಬೇಕಾದ್ರೂ ಆಗ್ಲಿ, ಏಳಬ್ಯಾಡ."

ಚೂಡಾ ಕೊಡಲು ಕಾಕಿ ಬಂದಳು. ಚಹಾ ಕೊಡಲೂ ಕಾಕಿಯೇ ಬಂದಳು. ಹಿರಿಯರಿಗೆ ನಮಸ್ಕಾರವನ್ನೂ ನಾನು ಕೂತಲ್ಲಿಂದಲೇ ಮಾಡಿದೆ. ಗಂಡಿನ ತಾಯಿಗೆ ಗುಮಾನಿ ಬಂತು. ಅವ್ವನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ತಪ್ಪು ತಿಳಕೋಬ್ಯಾಡ್ರಿ. ಹುಡುಗಿ ಕಾಲು ಬರೋಬರಿ ಅದಾವಿಲ್ಲ?"

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಕಾಲಿನ ಮ್ಯಾಲನ ನೌಕರಿ ಸಿಕ್ಕದ್ರಿ ಆಕಿಗಿ!"

"ಹಂಗಾದ್ರ ಜರಾ ಎದ್ದು ನಿಂದ್ರು ಅನ್ರಿ."

ಅವ್ವ ಸೋತ ಮುಖದಲ್ಲಿ ನನ್ನ ಕಡೆ ನೋಡಿದಳು. ಹಿಂದಿನ ದಿನವಷ್ಟೇ ಎರಡು ಪಂದ್ಯ ಆಡಿ ಬಂದಿದ್ದೆ, ಮೈ ಮುರಿದು ಹೋಗಿತ್ತು. ಒಂದು ಕೈ ನೆಲಕ್ಕೆ ಊರಿ ಏಳತೊಡಗಿದೆ. ಗಂಡಿನ ತಾಯಿಯ ಕುತ್ತಿಗೆ ನನ್ನ ಜೊತೆ ಮೇಲೇಳುತ್ತ ಬಂತು. ಮೊಳಕಾಲು ಇನ್ನೂ ನೆಟ್ಟಗೆ ಮಾಡಿರಲಿಲ್ಲ, ಸೊಂಟವಂತೂ ಅರ್ಧಕ್ಕೇ ಇತ್ತು.

"ಸಾಕವ್ವ, ಸಾಕು," ಅಂದರು ಅವರು.

ಔರಾದ ಬಸ್ಸು

ಇದು ಸಣ್ಣದು. ನಮ್ಮಲ್ಲಿ ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಊರಿಗೆ ಹೊರಟಿದ್ದೆ. ಮೊಳಕಾಲು ಮುಂದಿನ ಸೀಟಿಗೆ ಒತ್ತುವುದರಿಂದ ಎರಡೂ ಕಾಲನ್ನು ನಡುವಿನ ಹಾದಿಗೆ ಚಾಚಿ ಕೂತಿದ್ದೆ. ಕಂಡಕ್ಟರು ಒಮ್ಮೆ ದಾಟಿದ, ಎರಡು ಸಲ ದಾಟಿದ, ಮೂರನೇ ಸಲ ಎಡವಿ ಟಿಕೆಟ್ ಮಷಿನ್ ಸಮೇತ ಒಬ್ಬ ಮುದುಕನ ಮಡಿಲಲ್ಲಿ ಕೂತ. ಎದ್ದು ಬಂದು ಕೈ ಮುಗಿದ.

"ಅಕ್ಕಾರ, ಸರ್ಕಾರ ನಿಮಗ ಪುಕ್ಕಟ ಮಾಡ್ಯಾದ, ಬರೋಬರಿ. ಖರೆ, ಈ ಕಾಲಿಂದು ಲಗೇಜ್ ಹಾಕ್ತೇನಿ."

ಚಿನ್ನದ ಬಣ್ಣದ ಗಂಡಸು

ಒಂದು ವರ್ಷ ನಮ್ಮ ತಂಡ ದೊಡ್ಡದೊಂದು ಪಂದ್ಯಾವಳಿ ಗೆದ್ದಿತು. ಭಾಲ್ಕಿಯ ಹಿರಿಯರ ಸಂಘವೊಂದು ನನಗೆ ಸನ್ಮಾನ ಇಟ್ಟುಕೊಂಡಿತು. ನಿರೂಪಕರು ಮೈಕಿನಲ್ಲಿ "ಹೆಸರಾಂತ ವಾಲಿಬಾಲ್ ಆಟಗಾರ್ತಿ" ಎಂದು ಕರೆದರು. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. "ಕ್ಷಮಿಸಬೇಕು, ಹ್ಯಾಂಡ್‌ಬಾಲ್" ಅಂದರು. ಮತ್ತೆ ಹೇಳಿದೆ. ಅವರಿಗೂ ಸಾಕಾಯಿತು. "ಒಟ್ಟಿನಲ್ಲಿ ಚೆಂಡು" ಅಂದು ಮುಗಿಸಿದರು.

ಶಾಲು ಹೊದಿಸಿದ ಮೇಲೆ ಕೈಗೆ ಒಂದು ಕಪ್ಪು ಕೊಟ್ಟರು. ಕಪ್ಪಿನ ಮೇಲೆ ಬ್ಯಾಟು ಬೀಸುತ್ತಿರುವ ಒಬ್ಬ ಗಂಡಸು, ಚಿನ್ನದ ಬಣ್ಣದವನು. ನನ್ನ ಮನೆಯಲ್ಲಿ ಇಂಥವರು ಆಗಲೇ ಹನ್ನೊಂದು ಮಂದಿ ಇದ್ದರು. ಒಂದು ಪೂರ್ತಿ ಕ್ರಿಕೆಟ್ ಟೀಮು. ಅವತ್ತು ಯಾಕೋ ತಡೆಯಲಾಗಲಿಲ್ಲ. ಬಸ್ಸಿಗೆ ಹೋಗುವ ದಾರಿಯಲ್ಲಿ ಆ ಕಪ್ಪಿನ ಅಂಗಡಿಗೇ ಹೋದೆ.

"ಯಾಕ್ರಿ, ಬ್ಯಾಸ್ಕೆಟ್‌ಬಾಲ್ ಆಡೋ ಹೆಣ್ಮಗಳ ಗೊಂಬಿ ಇರಂಗಿಲ್ಲೇನು?"

"ಬರಂಗಿಲ್ರಿ ಅಕ್ಕಾರ. ಹೈದರಾಬಾದ್‌ಲಿಂದ ಗಂಡಸ್ರೇ ಬರ್ತಾರ."

"ಹೆಣ್ಮಕ್ಕಳು ಏನಾದ್ರೂ ಗೆದ್ರ ಏನ್ ಮಾಡ್ತೀರಿ?"

ಅಂಗಡಿಯವನು ಪಾಪ ಒಳ್ಳೆಯವನು. ಸ್ಟೂಲು ಹತ್ತಿ ಮೇಲಿನ ಹಲಗೆ ತಡಕಾಡಿ ಧೂಳು ಹಿಡಿದ ಒಂದು ಮೂರ್ತಿ ಇಳಿಸಿದ.

"ಹೆಣ್ಮಕ್ಕಳದ್ದು ಅಂದ್ರ ಸರಸ್ವತಿದು ಒಂದೇ ಅದ್ರಿ. ಬದಲಿ ಮಾಡಿ ಕೊಡ್ತೇನಿ, ಒಯ್ರಿ. ಎರಡು ಕೈ ವೀಣಿಗಿ ಹೋದ್ರೂ ಇನ್ನೆರಡು ಚೆಂಡಿಗಿ ಉಳೀತಾವ."

ಮೈಲೂರಿನ ಪ್ರಾರ್ಥನೆ

ಮೂವತ್ತೆರಡನೇ ವಯಸ್ಸಿನಲ್ಲಿ ಬಲ ಮೊಳಕಾಲಿನ ನರ ಹರಿಯಿತು. ಆಪರೇಷನ್ ಆಯಿತು. "ಇನ್ನು ಆಡೋದು ಡೌಟು" ಅಂದರು ಡಾಕ್ಟರು. ಆಟ ಬಿಟ್ಟು ನನಗೆ ಬೇರೇನೂ ಬರುತ್ತಿರಲಿಲ್ಲ. ಬೀದರಿನ ಮೈಲೂರಿನಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಕಾಲು ಚಾಚಿ ಮಲಗಿ ಗೋಡೆ ನೋಡುತ್ತ ದಿನ ಕಳೆದೆ.

ಮನೆಯ ಮಾಲಕಿ ನಿವೃತ್ತ ನರ್ಸು. ಓಣಿಯವರೆಲ್ಲ ಅವರನ್ನು ಸಿಸ್ಟರ್ ಆಂಟಿ ಅನ್ನುತ್ತಿದ್ದರು. ದಿನಕ್ಕೆ ಮೂರು ಸಲ ಬಂದು, ಗಡಿಯಾರ ಹಿಡಿದು, ನನ್ನ ಕಾಲು ಎತ್ತಿಸಿ ಇಳಿಸಿ ಅಳಿಸುತ್ತಿದ್ದರು. ಪ್ರತಿ ಐತವಾರ ಚರ್ಚಿನಿಂದ ಬಂದವರೇ ಬಾಗಿಲಲ್ಲಿ ನಿಂತು, "ಇವತ್ತೂ ನಿನ್ನ ಮೊಳಕಾಲಿಗಿ ಪ್ರಾರ್ಥನಾ ಆಯ್ತು ನೋಡವ್ವ" ಅನ್ನುತ್ತಿದ್ದರು. ಕಿಟಕಿಯ ಹೊರಗೆ ಹೋಗುವ ಜನ ನನ್ನ ಹೆಸರು ಕೇಳುತ್ತಿರಲಿಲ್ಲ, "ಮೊಳಕಾಲ ಹ್ಯಾಂಗದ?" ಎಂದಷ್ಟೇ ಕೇಳುತ್ತಿದ್ದರು.

ಎರಡು ತಿಂಗಳಿಗೆ ಕೋಲು ಹಿಡಿದು ನಡೆಯುವಂತಾದೆ. ಇಷ್ಟೆಲ್ಲ ಮಂದಿ ನನಗಾಗಿ ಬೇಡಿಕೊಂಡಿದ್ದಾರೆ, ಒಮ್ಮೆ ಹೋಗಿ ಕೂತು ಬರೋಣ ಎಂದು ಸಿಸ್ಟರ್ ಆಂಟಿಯ ಜೊತೆ ಚರ್ಚಿಗೆ ಹೋದೆ. ಪಾಸ್ಟರು ಕಣ್ಣು ಮುಚ್ಚಿ, ಎದೆ ತುಂಬಿ ಹೇಳುತ್ತಿದ್ದರು: "ಕರ್ತನೇ, ಈ ನಮ್ಮ ಮಗಳ ಎಡ ಮೊಳಕಾಲನ್ನು ಬಲಪಡಿಸು…"

ಸಿಸ್ಟರ್ ಆಂಟಿಯ ಮೊಳಕೈ ತಿವಿದೆ. "ಆಂಟಿ, ಬಲ."

"ಹಾಂ, ಬಲಪಡಿಸು ಅಂತನ ಅಂದಾರ."

"ಅದಲ್ಲ ಆಂಟಿ. ನಂದು ಬಲಗಾಲು."

ನಲವತ್ತು ವರ್ಷ ದವಾಖಾನೆಯಲ್ಲಿ ದುಡಿದ ಹೆಂಗಸು ನನ್ನ ಎರಡೂ ಕಾಲನ್ನು ಬಗ್ಗಿ ನೋಡಿದರು. ಮುಖ ಒಂದು ಗಳಿಗೆ ಸಣ್ಣದಾಯಿತು. ಪ್ರಾರ್ಥನೆಗೆಂದು ಪಾಸ್ಟರಿಗೆ ಚೀಟಿ ಬರೆದು ಕೊಟ್ಟವರು ಅವರೇ. ಆಮೇಲೆ ಕಿವಿಯಲ್ಲಿ ಕೇಳಿದರು:

"ಎಡಗಾಲು ಹ್ಯಾಂಗದ ಈಗ?"

"ಎಡಗಾಲು ಭಾಳ ಗಟ್ಟಿ ಅದ ಆಂಟಿ."

"ನೋಡು ಮತ್ತ!" ಅಂದು ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದರು.

ಕೊನೆಯ ಪಂದ್ಯ

ಮತ್ತೆ ಆಡಿದೆ, ಮೂರು ವರ್ಷ. ಹೆಚ್ಚಿನ ಹೊತ್ತು ಬೆಂಚಿನ ಮೇಲೆ. ಮೂವತ್ತೈದಕ್ಕೆ ಸಾಕು ಅನ್ನಿಸಿತು. ಕೊನೆಯ ಪಂದ್ಯ ಬೀದರಿನಲ್ಲೇ ಬಿತ್ತು, ಅದೂ ಫೈನಲ್ಲು. ಕೋಚು ಮೊದಲೇ ಮಾತು ಕೊಟ್ಟಿದ್ದರು: ಏನಾದರೂ ಆಗಲಿ, ಕೊನೆಯ ಗಳಿಗೆಯಲ್ಲಾದರೂ ನಿನ್ನನ್ನು ಇಳಿಸುತ್ತೇನೆ.

ಅರ್ಧ ನಿಮಿಷ ಉಳಿದಿತ್ತು. ನಾವು ಒಂದು ಅಂಕ ಹಿಂದೆ. ಕೋಚು ಆಟ ನಿಲ್ಲಿಸಿ ನನ್ನನ್ನು ಕರೆದರು. "ಓಡಬೇಡ, ಜಿಗಿಯಬೇಡ. ಬುಟ್ಟಿಯ ಕೆಳಗೆ ಹೋಗಿ ಸುಮ್ಮನೆ ನಿಂತ್ಕೋ. ಅವರ ಒಬ್ಬಳು ನಿನ್ನ ಕಾಯೋಕೆ ಬರ್ತಾಳೆ. ಅಷ್ಟು ಮಾಡಿದರೆ ಸಾಕು." ಹದಿನೇಳು ವರ್ಷದ ಕೊನೆಗೆ ನನ್ನ ಕೆಲಸ ನಿಲ್ಲುವುದು. ಜನ ಚಪ್ಪಾಳೆ ತಟ್ಟಿದರು. ಕುಂಟುತ್ತ ಹೋಗಿ ನಿಂತೆ.

ಆಟ ಶುರುವಾಯಿತು. ನನ್ನನ್ನು ಕಾಯಲು ಅವರ ತಂಡದ ಒಬ್ಬ ಹುಡುಗಿ ಓಡಿ ಬಂದಳು. ಹತ್ತೊಂಬತ್ತು ಇರಬಹುದು. ಕೈ ಎರಡೂ ಮೇಲೆತ್ತಿ ನನ್ನ ಮುಖ ನೋಡಿದವಳು ಹಾಗೇ ನಿಂತುಬಿಟ್ಟಳು.

"ಅಕ್ಕಾ… ನೀವಾ?"

"ಹೌದವ್ವ, ನಾನೇ."

"ನಮ್ಮ ಬಗದಲ್ ಸಾಲಿಗಿ ಬಂದಿದ್ರಿ. ನಾ ಐದನೇ ಕ್ಲಾಸಿನ್ಯಾಗ ಇದ್ದೆ. ನನ್ನ ಕೈಯಾಗ ಚೆಂಡು ಕೊಟ್ಟಿದ್ರಿ. ಅವತ್ತೇ ನಾ ಆಟ ಶುರು ಮಾಡೀನಿ ಅಕ್ಕಾ."

ಖರೆ ಹೇಳಬೇಕೆಂದರೆ ನನಗೆ ನೆನಪಿರಲಿಲ್ಲ. ಎಷ್ಟು ಸಾಲೆಗಳಿಗೆ ಹೋಗಿದ್ದೇನೋ. "ಅದೆಲ್ಲ ಆಮ್ಯಾಲ ಮಾತಾಡೋಣು, ನೀ ಆಟದ ಕಡಿ ನೋಡವ್ವ," ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಅವಳು ಬಗ್ಗಿ ನನ್ನ ಎರಡೂ ಕಾಲು ಹಿಡಿದುಬಿಟ್ಟಿದ್ದಳು.

ಚೆಂಡು ಹಿಡಿದಿದ್ದ ನಮ್ಮ ತಂಡದ ಹುಡುಗಿಗೆ ದೂರದಿಂದ ಕಂಡದ್ದು ಇಷ್ಟೇ: ನನ್ನ ಮುಂದೆ ಯಾರ ಕೈಯೂ ಇಲ್ಲ. ಚೆಂಡು ಎಸೆದಳು. ಬಲಗೈಗೆ ಬಂತು. ಎಡಗೈ ರೂಢಿಯಂತೆ ತಾನಾಗಿಯೇ ಹುಡುಗಿಯ ತಲೆಯ ಮೇಲೆ ಹೋಗಿತ್ತು. "ದೇವರು ಒಳ್ಳೇದು ಮಾಡ್ಲಿ" ಅಂದೆ, ತುದಿಗಾಲ ಮೇಲೆ ನಿಂತೆ, ಚೆಂಡು ಬುಟ್ಟಿಗೆ ಹಾಕಿದೆ.

ಅವರ ಕೋಚು ಮೈದಾನದ ಅಂಚಿನಲ್ಲಿ ತಲೆ ಬಡಿದುಕೊಂಡು ಕಿರುಚುತ್ತಿದ್ದರು: "ಏಯ್, ಆಶೀರ್ವಾದ ಮ್ಯಾಚ್ ಮುಗಿದ ಮೇಲೆ ತಗೋಳೇ!"

ಅಷ್ಟರಲ್ಲಿ ಹೊತ್ತು ಮುಗಿದ ಸದ್ದಾಯಿತು. ನಾವು ಒಂದು ಅಂಕದಿಂದ ಗೆದ್ದಿದ್ದೆವು. ಅವರ ಕೋಚು ನೇರವಾಗಿ ರೆಫ್ರಿಯ ಹತ್ತಿರ ಓಡಿದರು.

"ಫೌಲ್ ಸರ್! ನಮ್ಮ ಹುಡುಗಿಯ ತಲೆ ಮೇಲೆ ಕೈ ಇಟ್ಟಿದ್ದಾರೆ. ಎಲ್ಲರೂ ನೋಡಿದ್ದಾರೆ!"

ರೆಫ್ರಿ ವಯಸ್ಸಾದವರು. ಸೀಟಿಯನ್ನು ಬಾಯಿಂದ ತೆಗೆದು, ಬೆವರು ಒರೆಸಿಕೊಂಡು, ಸಾವಕಾಶ ಹೇಳಿದರು:

"ತಲಿ ಮ್ಯಾಲ ಕೈ ಇಟ್ಟದ್ದು ಖರೇ. ಆದ್ರ ಮೊದಲು ಕಾಲು ಹಿಡದಾಕಿ ನಿಮ್ಮ ಹುಡುಗಿ. ಫೌಲ್ ಅಂತ ಬರದ್ರ ಆಕಿ ಹೆಸರಿಗೇ ಬರೀಬೇಕು. ಆಮ್ಯಾಲ ಇವರಿಗಿ ಒಂದು ಫ್ರೀ ಥ್ರೋ ಬ್ಯಾರೆ ಕೊಡಬೇಕಾಗ್ತದ. ಕೊಡ್ಲೇನ್ರಿ?"

ಕೋಚು ತಮ್ಮ ಹುಡುಗಿಯ ಕಡೆ ನೋಡಿದರು. ಅವಳು ಇನ್ನೂ ನನ್ನ ಕಾಲು ಬಿಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು. ಉಸಿರು ಬಿಟ್ಟು ಕೈ ಮುಗಿದರು.

"ಬೇಡ ಸರ್," ಅಂದರು. "ಆಶೀರ್ವಾದವೇ ಸಾಕು."