ಹವಾಲ್ದಾರನ ಮುಖ್ತ್ಯಾರ

ಹರಿದದ್ದು ಹವಾಲ್ದಾರ ಹೊನ್ನಪ್ಪನ ಚಪ್ಪಲಿಯ ಉಂಗುಟ. ಕೆಟ್ಟದ್ದು ಜುವಾಕಿಂ ಪಾಯ್ಸನ ಮಂಗಳವಾರ.

ದುಬೈಯ ಸತ್ವಾದ ಆ ಹಳೆಯ ವಿಲ್ಲಾದಲ್ಲಿ ಐದು ಕೋಣೆ, ಹದಿನೇಳು ಜನ, ಒಂದು ಬಚ್ಚಲು. ಬೆಳಿಗ್ಗೆ ಆರಕ್ಕೆ ಟವೆಲು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದ ಜುವಾಕಿಂಗೆ ಮುಂದೆ ನಿಂತವನ ಕಾಲು ಕಣ್ಣಿಗೆ ಬಿತ್ತು. ಎಡಗಾಲಿನ ಚಪ್ಪಲಿಗೆ ಉಂಗುಟದ ಬದಲು ಕೆಂಪು ಕರೆಂಟಿನ ವೈರು ಸುತ್ತಿತ್ತು. ಹೊಸದು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದ.

"ಸಾಹೇಬ್ರು ಮುಂದಿನ ತಿಂಗಳ ಕೊಡಸ್ತೀನಿ ಅಂದಾರ್ರಿ" ಎಂದ ಹೊನ್ನಪ್ಪ. ಮೂರು ತಿಂಗಳಿಂದ ಹಾಗೆಯೇ ಅನ್ನುತ್ತಿದ್ದಾರಂತೆ. ಆಮೇಲೆ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಚಹಾಕ್ಕೆ ಒಂದು ದಿರ್ಹಂ ಇದ್ದರೆ ಕೊಡಿ ಎಂದು ಕೇಳಿದ.

ನಲವತ್ತು ಸಾವಿರ ದಿರ್ಹಮಿನ ಒಡೆಯ ಒಂದು ದಿರ್ಹಂ ಬೇಡುವುದೆಂದರೆ ಏನು?

ಹೊನ್ನಪ್ಪ ಗೋಕಾಕದ ಕಡೆಯವನು. ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದು, ಎಪ್ಪತ್ತೊಂದರ ಯುದ್ಧದಲ್ಲಿ ಗುಂಡು ತಪ್ಪಿಸಿಕೊಂಡು ಬಂದು, ಪೆನ್ಶನ್ ಆದ ಮೇಲೆ ಜೆಬೆಲ್ ಅಲಿಯ ಗೋದಾಮೊಂದಕ್ಕೆ ಕಾವಲುಗಾರನಾಗಿ ಸೇರಿದ್ದ. ಗುಂಡಿಗೆ ಸಿಗದ ತಲೆ ಅಲ್ಲಿ ಟೊಮೇಟೊ ಡಬ್ಬಿಗಳ ಪೆಟ್ಟಿಗೆಗೆ ಸಿಕ್ಕಿತು. ಮೇಲಿನ ಅಟ್ಟದಿಂದ ಪೆಟ್ಟಿಗೆ ನೇರ ನೆತ್ತಿಯ ಮೇಲೆ ಬಿದ್ದಿತ್ತು. ಅಂದಿನಿಂದ ಅವನ ನೆನಪು ಹೋಗುತ್ತ ಬರುತ್ತ ಇತ್ತು. ಎಪ್ಪತ್ತೊಂದರ ತನ್ನ ಬಂದೂಕಿನ ನಂಬರು ಹೇಳುತ್ತಿದ್ದ, ಬೆಳಿಗ್ಗೆ ತಿಂಡಿ ತಿಂದೆನೋ ಇಲ್ಲವೋ ಹೇಳಲಾರ. ಚಿಕಿತ್ಸೆಯ ಖರ್ಚೆಲ್ಲ ಕಂಪೆನಿಯದು. ಅದರ ಮೇಲೆ ನಲವತ್ತು ಸಾವಿರ ಪರಿಹಾರ. ಆದರೆ ಇಂಥವನ ಕೈಗೆ ಚೆಕ್ಕು ಕೊಡಲಾಗದು, ಜವಾಬ್ದಾರಿಯ ಮನುಷ್ಯನೊಬ್ಬನಿಗೆ ಮುಖ್ತ್ಯಾರಪತ್ರ ಬರೆದುಕೊಡಿ ಎಂದಿತು ಕಂಪೆನಿ. ಊರವರ ಸಂಘದವರು ಸೇರಿ ವೆಂಕಟರಾಮಯ್ಯನವರನ್ನು ಮುಖ್ತ್ಯಾರರನ್ನಾಗಿ ಮಾಡಿದರು.

ಅವರನ್ನಲ್ಲದೆ ಇನ್ಯಾರನ್ನು ಮಾಡಬೇಕು? ಅದೇ ವಿಲ್ಲಾದ ಮೂಲೆಯ ಕೋಣೆಯವರು. ವೃತ್ತಿಯಲ್ಲಿ ಲೆಕ್ಕ ಬರೆಯುವವರು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಣ್ಣೆ. ಅಂಗಡಿಯವನು ಹೆಚ್ಚಿಗೆ ಕೊಟ್ಟ ಕಾಲು ದಿರ್ಹಮನ್ನು ಬಿಸಿಲಲ್ಲಿ ನಡೆದು ಹೋಗಿ ಹಿಂದಕ್ಕೆ ಕೊಟ್ಟು ಬಂದವರು ಎಂದು ಖ್ಯಾತಿ.

ಜುವಾಕಿಂ ಅಡುಗೆಮನೆಯಲ್ಲಿ ಅವರನ್ನು ಹಿಡಿದು ಚಪ್ಪಲಿಯ ವಿಷಯ ಎತ್ತಿದ. ಅವರು ನಕ್ಕರು. ಹೊನ್ನಪ್ಪನ ಕೈಗೆ ಕಾಸು ಕೊಟ್ಟರೆ ಉಳಿಯುವುದಿಲ್ಲವಂತೆ. ಹೋದ ಸಲ ಬಸ್ಸಿನ ಡ್ರೈವರನಿಗೆ ಐವತ್ತರ ನೋಟು ಕೊಟ್ಟು, ಚಿಲ್ಲರೆ ಕೇಳದೆ ಸೆಲ್ಯೂಟ್ ಹೊಡೆದು ಇಳಿದನಂತೆ. ಹಣವೆಲ್ಲ ಬ್ಯಾಂಕಿನ ಠೇವಣಿಯಲ್ಲಿ ಬೆಚ್ಚಗಿದೆ, ಚಪ್ಪಲಿ ಏನು ಮಹಾ, ನಾಳೆ ತಂದರಾಯಿತು ಎಂದರು.

ಉತ್ತರ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಅದೇ ಜುವಾಕಿಂಗೆ ಹಿಡಿಸಲಿಲ್ಲ. ಅವನು ಹನ್ನೆರಡು ವರ್ಷದಿಂದ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರು. ಬಿಳಿ ಬಟ್ಟೆಯಲ್ಲಿ ಕಲೆ ಹುಡುಕಿ ಹುಡುಕಿ, ಈಗ ಬಟ್ಟೆ ತೊಟ್ಟವರಲ್ಲೂ ಕಲೆ ಕಾಣುವ ಕಣ್ಣು ಅವನದು. ಹಾಲಿನವನು, ಮನೆಬಾಡಿಗೆಯವನು, ಚರ್ಚಿನ ಕಾಣಿಕೆ ಡಬ್ಬಿ ಹಿಡಿಯುವವನು, ಯಾರೂ ಆ ಕಣ್ಣಿನಿಂದ ಪಾರಾಗಿರಲಿಲ್ಲ. ಗಂಜಿ ಹೆಚ್ಚಾದ ಅಂಗಿಯಲ್ಲಿ ಎಲ್ಲೋ ಹರಿದಿರುತ್ತದೆ ಎಂಬುದು ಅವನ ಸಿದ್ಧಾಂತ.

ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಬೀಪಾತುಮ್ಮ ಮೀನು ಕೊಯ್ಯುತ್ತಿದ್ದಳು. ವಿಲ್ಲಾದ ಬ್ಯಾಚುಲರುಗಳಿಗೆ ಊಟ ಮಾಡಿ ಹಾಕುವವಳು ಅವಳೇ, ಸುದ್ದಿ ಬಡಿಸುವವಳೂ ಅವಳೇ. ವೆಂಕಟರಾಮಯ್ಯನವರು ಅತ್ತ ಹೋಗುತ್ತಲೇ ಅವಳ ಕತ್ತಿ ನಿಂತಿತು. ಊರಿನ ಕ್ರಿಸ್ತಾನರನ್ನು ಕರೆಯುವ ಹಾಗೆ ಜುವಾಕಿಂ ಅವಳಿಗೆ ಪರ್ಬು.

"ಪರ್ಬುಗಳೇ, ನಾನು ಯಾರ ಮೇಲೂ ಹೇಳುವವಳಲ್ಲ. ಆದರೆ ಹೋದ ವಾರ ಕಾರ್ಗೋದವರು ಅವರ ಕೋಣೆಯಿಂದ ನಾಲ್ಕು ಪೆಟ್ಟಿಗೆ ಹೊತ್ತುಕೊಂಡು ಹೋದದ್ದು ನಾನು ನೋಡಿದ್ದೇನೆ. ಒಂದರಲ್ಲಿ ವಾಷಿಂಗ್ ಮಿಷಿನು. ಲೆಕ್ಕ ಬರೆಯುವವನಿಗೆ ನಾಲ್ಕು ಪೆಟ್ಟಿಗೆ ಎಂತಕ್ಕೆ?"

ಮೀನು ಕಾವಲಿಗೆ ಬೀಳುವಷ್ಟರಲ್ಲಿ ಇಡೀ ವಿಲ್ಲಾಕ್ಕೆ ಸಂಶಯದ ವಾಸನೆ ಹಬ್ಬಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ ಜುವಾಕಿಂನ ಹೆಂಡತಿ ಮಾರ್ಟಿನಾ ಒಬ್ಬಳು, ನೇರ ಸಂಘದಲ್ಲಿ ಹೇಳಿ, ನೀವು ಪತ್ತೇದಾರಿಗೆ ಹೋಗಬೇಡಿ ಎಂದಳು. ಆದರೆ ಅಷ್ಟು ಹೊತ್ತಿಗೆ ಜುವಾಕಿಂ ಹೋಟೆಲಿಗೆ ಫೋನು ಮಾಡಿ, ಹೊಟ್ಟೆನೋವು ಎಂದು ನರಳಿ, ಚಪ್ಪಲಿ ಮೆಟ್ಟಿಯಾಗಿತ್ತು.

ವೆಂಕಟರಾಮಯ್ಯನವರು ಬಸ್ಸು ಹತ್ತಿದರು. ಜುವಾಕಿಂ ಹಿಂದಿನ ಬಾಗಿಲಲ್ಲಿ ಹತ್ತಿ, ಸೀಟಿನಲ್ಲಿ ಯಾರೋ ಬಿಟ್ಟುಹೋದ ಅರಬಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಎರಡು ಸ್ಟಾಪು ಹೋದ ಮೇಲೆ ಪಕ್ಕದಲ್ಲಿ ಕೂತಿದ್ದ ಅರಬಿ ಮುದುಕರೊಬ್ಬರು ಮಾತಿಲ್ಲದೆ ಪತ್ರಿಕೆ ತೆಗೆದುಕೊಂಡು, ತಲೆಕೆಳಗಾಗಿದ್ದದ್ದನ್ನು ಸರಿಮಾಡಿ ಅವನ ಕೈಗೆ ಮರಳಿ ಕೊಟ್ಟರು.

ಬರ್‌ದುಬೈಯ ಹಣ ಕಳಿಸುವ ಅಂಗಡಿಯೊಂದರ ಮುಂದೆ ವೆಂಕಟರಾಮಯ್ಯನವರು ಇಳಿದರು. ಒಳಗೆ ಸಾಲು. ಇಬ್ಬರನ್ನು ಬಿಟ್ಟು ಹಿಂದೆ ನಿಂತ ಜುವಾಕಿಂ ಕತ್ತನ್ನು ಕೊಕ್ಕರೆಯ ಹಾಗೆ ಚಾಚಿದ. ಕೌಂಟರಿನಲ್ಲಿ ವೆಂಕಟರಾಮಯ್ಯನವರು ಒಂದು ಹೆಂಗಸಿನ ಹೆಸರು ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಗಲು ತಟ್ಟಿ, ಹೊಟ್ಟೆನೋವು ಈಗ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಬಹಳ ನಯವಾಗಿ ವಿಚಾರಿಸಿದರು. ತಿರುಗಿದರೆ ಹೋಟೆಲಿನ ಮ್ಯಾನೇಜರು. ತಾಯಿಗೆ ದುಡ್ಡು ಕಳಿಸಲು ಬಂದಿದ್ದರು. ಒಂದು ದಿನದ ಸಂಬಳ ಅಲ್ಲಿಯೇ ಹೋಯಿತು. ಎಚ್ಚರಿಕೆಯ ಪತ್ರ ನಾಳೆ ಸಿಗುತ್ತದೆ ಎಂದೂ ಗೊತ್ತಾಯಿತು.

ಜುವಾಕಿಂ ಬೆವರೊರೆಸಿಕೊಂಡು ನೋಡಿದಾಗ ವೆಂಕಟರಾಮಯ್ಯನವರು ಹೊರಟುಹೋಗಿದ್ದರು. ಆದರೆ ಕೌಂಟರಿನ ಮೇಲೆ ಡ್ರಾಫ್ಟಿನ ಕಾರ್ಬನ್ ಪ್ರತಿ ಬಿಟ್ಟುಹೋಗಿದ್ದರು. ಪಾರ್ವತೆವ್ವ, ಗೋಕಾಕ, ಐನೂರು ರೂಪಾಯಿ. ಅವನು ಅದನ್ನು ಕಿಸೆಗೆ ಸೇರಿಸಿ ಒಂದೇ ಉಸಿರಿಗೆ ಸತ್ವಾಕ್ಕೆ ಬಂದ. ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಪಾರ್ವತೆವ್ವ ಎಂಬ ಗುಟ್ಟಿನ ಹೆಂಗಸು ವಾಷಿಂಗ್ ಮಿಷಿನಿನಲ್ಲಿ ರೇಷ್ಮೆ ಸೀರೆ ಒಗೆಯುತ್ತಿದ್ದಳು.

ಅಂಗಳದಲ್ಲಿ ಕೂತಿದ್ದ ಹೊನ್ನಪ್ಪನನ್ನು, ಪಾರ್ವತೆವ್ವ ಎಂಬವರು ಯಾರು ಗೊತ್ತೇ ಎಂದು ಕೇಳಿದ. ಹೊನ್ನಪ್ಪ ಬಹಳ ಹೊತ್ತು ಯೋಚಿಸಿದ.

"ನನ್ನ ಹೇಣ್ತಿ ಹೆಸರೂ ಅದ ಐತ್ರಿ, ಜೋಕಪ್ಪನವರ."

ಜುವಾಕಿಂ ಎಂಬ ಹೆಸರು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ, ಜೋಕಪ್ಪ ಆಗಿತ್ತು. ಜೋಕಪ್ಪನವರು ಕುಸಿದು ಕೂತರು. ಸಂಬಳ ಹೋಯಿತು, ಮಾನ ಹೋಯಿತು, ಕಡೆಗೆ ಕಳ್ಳನೂ ಹೋದ. ಆದರೂ ಮನಸ್ಸಿನ ಹುಳ ಸಾಯಲಿಲ್ಲ. ನಲವತ್ತು ಸಾವಿರ ಇರುವವನ ಹೆಂಡತಿಗೆ ಬರೀ ಐನೂರು ರೂಪಾಯಿಯೆ? ಊರಿನ ಫೋನ್ ನಂಬರು ಇದೆಯೇ ಎಂದು ಕೇಳಿದ. ಹೆಂಡತಿಯ ಹೆಸರಿಗೆ ತಡವರಿಸಿದವನು ಓಣಿಯ ಕಿರಾಣಿ ಅಂಗಡಿಯ ನಂಬರನ್ನು ಪರೇಡಿನಲ್ಲಿ ಹೇಳುವ ಹಾಗೆ ಗಡಗಡ ಒಪ್ಪಿಸಿದ.

ಮೂವತ್ತು ದಿರ್ಹಮಿನ ಫೋನ್ ಕಾರ್ಡು ಅಂಗಡಿಯವನು ಪಾರ್ವತೆವ್ವನನ್ನು ಕರೆಯಲು ಹೋದಾಗಲೇ ಮುಗಿಯಿತು. ಎರಡನೆಯ ಕಾರ್ಡಿಗೆ ಅವಳು ಸಿಕ್ಕಳು. ಮೊದಲು ಗಂಡ ಬದುಕಿದ್ದಾನೆಯೇ ಎಂದು ಕೇಳಿದಳು. ಚೆನ್ನಾಗಿದ್ದಾನೆ, ನಾನು ಅವನ ಗೆಳೆಯ, ಹಣ ಸರಿಯಾಗಿ ಬರುತ್ತಿದೆಯೇ ಎಂದ ಜುವಾಕಿಂ.

"ಐನೂರು ಬರ್ತಾವ್ರಿ. ಉಳಿದಿದ್ದೆಲ್ಲಾ ದವಾಖಾನಿಗೆ ಹೊಕ್ಕೈತಿ ಅಂತ ಸಾಹೇಬ್ರು ಬರದಾರ. ಸಾಲಲಿಲ್ಲಂದ್ರ ಅಂತ ಹೇಳಿ ಅವರ ಮಿಲ್ಟ್ರಿ ಪೆನ್ಶನ್ ಪುಸ್ತಕಾನೂ ಸಾಹೇಬ್ರ ಕಡಿಯವರ ಕೈಯಾಗ ಕೊಟ್ಟೀನ್ರಿ. ಮಗಳನ್ನ ಸಾಲಿ ಬಿಡಿಸೀನಿ. ಇರ್ಲಿ ಬಿಡ್ರಿ, ಅವರು ಆರಾಮಾದ್ರ ಸಾಕು."

ಆಸ್ಪತ್ರೆಯ ಒಂದು ಫಿಲ್ಸು ಕೂಡ ಹೊನ್ನಪ್ಪನದಲ್ಲ, ಎಲ್ಲ ಕಂಪೆನಿಯದೆಂದು ವಿಲ್ಲಾಕ್ಕೆಲ್ಲ ಗೊತ್ತು. ಬೆಳಗಿನಿಂದ ಅವನಿಗಿದ್ದದ್ದು ಬೇಟೆಯ ಖುಷಿ. ಈಗ ಮೊದಲ ಬಾರಿಗೆ ನಿಜವಾದ ಸಿಟ್ಟು ಬಂತು.

ಸಂಜೆ ವಿಲ್ಲಾದ ನಡುಮನೆಯಲ್ಲಿ ಸಭೆ ಸೇರಿತು. ಸಂಘದ ಕಾರ್ಯದರ್ಶಿ ಶಾಹುಲ್ ಹಮೀದ್ ಸಾಯಬರು ಬಂದರು. ರಸ್ತೆಯ ತುದಿಯಲ್ಲಿ ಅವರದು ಅರ್ಜಿಗಳನ್ನು ಟೈಪು ಮಾಡಿಕೊಡುವ ಅಂಗಡಿ. ಜುವಾಕಿಂ ಚಪ್ಪಲಿಯಿಂದ ಹಿಡಿದು ಪೆನ್ಶನ್ ಪುಸ್ತಕದವರೆಗೆ ಎಲ್ಲವನ್ನೂ ಹೇಳಿದ. ಎಲ್ಲರ ಕಣ್ಣೂ ವೆಂಕಟರಾಮಯ್ಯನವರ ಮೇಲೆ ನೆಟ್ಟವು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಒಳ್ಳೇದು ಮಾಡೋಕೆ ಹೋದವನಿಗೆ ಇದೇ ಸಿಗೋದು. ಆಗಲಿ. ನಂಬಿಕೆ ಹೋದಮೇಲೆ ನನಗೆ ಈ ಕೆಲಸ ಬೇಡ. ಪೆನ್ಶನ್ನು, ಖರ್ಚು, ಎಲ್ಲದರ ಲೆಕ್ಕ ಈ ಫೈಲಿನಲ್ಲಿದೆ. ಯಾರು ವಹಿಸ್ಕೋತೀರೋ ವಹಿಸ್ಕೊಳ್ಳಿ."

ಫೈಲು ತಲೆದಿಂಬಿನಷ್ಟು ದಪ್ಪಗಿತ್ತು. ಎಲ್ಲಕ್ಕಿಂತ ಮೇಲೆ ಮೂವತ್ತೆಂಟು ಸಾವಿರ ದಿರ್ಹಮಿನ ಠೇವಣಿ ರಸೀದಿ, ಬ್ಯಾಂಕಿನ ಮೊಹರು ಸಮೇತ. ಅದನ್ನು ನೋಡಿ ಜನರ ಸಿಟ್ಟು ಅರ್ಧ ಇಳಿಯಿತು. ಅಸಲು ಉಳಿದಿದೆಯಲ್ಲ, ಪೆನ್ಶನ್ನಿನದು ಆಮೇಲೆ ವಿಚಾರಿಸಿದರಾಯಿತು. ಆದರೆ ವಹಿಸಿಕೊಳ್ಳುವವರು ಯಾರು? ಹದಿನೈದು ಜೊತೆ ಕಣ್ಣುಗಳು ಫ್ಯಾನು ತಿರುಗುವುದನ್ನು ನೋಡತೊಡಗಿದವು. ಕಡೆಗೆ ಬೀಪಾತುಮ್ಮ, ಹಿಡಿದುಕೊಟ್ಟವರು ಪರ್ಬುಗಳಲ್ಲವಾ, ಅವರೇ ಆಗಲಿ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಗಳವಾರವಿಡೀ ಕುಗ್ಗಿದ್ದ ಜುವಾಕಿಂನ ಎದೆ ಪೂರಿಯ ಹಾಗೆ ಉಬ್ಬಿತು.

ಸಾಯಬರು ಅಂಗಡಿಗೆ ಹೋಗಿ ಕಾಲುಗಂಟೆಯಲ್ಲಿ ಕಾಗದ ಟೈಪು ಮಾಡಿಸಿ ತಂದರು. ನಾಲ್ಕು ಪುಟ, ಅರ್ಧ ಇಂಗ್ಲಿಷು, ಅರ್ಧ ಅರಬಿ. ಮಾರ್ಟಿನಾ ಗಂಡನ ತೋಳು ಜಗ್ಗಿ, "ನಾಳೆ ಬ್ಯಾಂಕಿಗೆ ಹೋಗಿ ನೋಡಿ ಬಂದು ಸಹಿ ಹಾಕಿ" ಎಂದಳು. ಆದರೆ ಅಷ್ಟು ಜನರ ಎದುರು ತಡೆದು ತಡೆದು ಓದಿದರೆ ಇಂಗ್ಲಿಷು ಬರುವುದಿಲ್ಲ ಎಂದುಕೊಂಡಾರು. ಅದೂ ಅಲ್ಲದೆ ಹೊತ್ತು ಹೋದರೆ ಕಳ್ಳ ಮನಸ್ಸು ಬದಲಿಸಿದರೆ? ಜುವಾಕಿಂ ಮೂರು ಪ್ರತಿಗಳಿಗೂ ಸಹಿ ಹಾಕಿದ. ಸಾಯಬರು ಜೇಬಿನಿಂದ ಒಂದು ಪಾಸ್‌ಪೋರ್ಟು ತೆಗೆದು ವೆಂಕಟರಾಮಯ್ಯನವರ ಕೈಗಿಟ್ಟರು. ಅವರು ಜುವಾಕಿಂನನ್ನು ತಬ್ಬಿಕೊಂಡು ಕಣ್ಣೊರೆಸಿದರು. ಏನು ನಡೆಯಿತೆಂದು ತಿಳಿಯದಿದ್ದರೂ ಹೊನ್ನಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೊಸ ಮುಖ್ತ್ಯಾರ ಅಲ್ಲಿ ನಿಂತಿದ್ದ. ಕೌಂಟರಿನ ಹುಡುಗಿ ರಸೀದಿಯನ್ನು ತಿರುಗಿಸಿ ನೋಡಿ, ಕಂಪ್ಯೂಟರು ಒತ್ತಿ, ಈ ಠೇವಣಿಯನ್ನು ಎಂಟು ತಿಂಗಳ ಹಿಂದೆಯೇ ಮುರಿಸಿ ಹಣ ತೆಗೆದಾಗಿದೆ, ಇದು ಬರೀ ನಕಲು ಪ್ರತಿ ಎಂದಳು. ಖಾತೆಯಲ್ಲಿ ಉಳಿದದ್ದು ಹನ್ನೊಂದು ದಿರ್ಹಂ.

ಜುವಾಕಿಂ ಓಡಿಬಂದು ಮೂಲೆಯ ಕೋಣೆಯ ಬಾಗಿಲು ನೂಕಿದ. ಹಾಸಿಗೆ ಸುತ್ತಿಟ್ಟಿತ್ತು. ನಸುಕಿನ ವಿಮಾನಕ್ಕೆ ಹೋದರು ಎಂದ ಪಕ್ಕದ ಕೋಣೆಯವನು. ಅಲ್ಲಿಂದ ಸಾಯಬರ ಅಂಗಡಿಗೆ ಓಡಿದ. ಅವರು ಕಡತದಿಂದ ತಮ್ಮ ಪ್ರತಿ ತೆಗೆದು ನಿಧಾನವಾಗಿ ಓದಿ ಹೇಳಿದರು. ಮೂವತ್ತೆಂಟು ಸಾವಿರ ದಿರ್ಹಂ ಮತ್ತು ಸಕಲ ದಾಖಲೆಗಳನ್ನು ಪರೀಕ್ಷಿಸಿ, ಸರಿಯಿದೆಯೆಂದು ಒಪ್ಪಿ ಪಡೆದಿದ್ದೇನೆ. ಹಿಂದಿನ ಮುಖ್ತ್ಯಾರರ ಮೇಲೆ ಯಾವ ತಕರಾರೂ ಇಲ್ಲ. ಇನ್ನು ಮುಂದೆ ಯಾರೇ ಕೇಳಿದರೂ ಉತ್ತರ ಹೇಳಬೇಕಾದವನು ನಾನು. ಸಹಿ, ಜುವಾಕಿಂ ಪಾಯ್ಸ್.

ಪೊಲೀಸರಲ್ಲಿ ಹೋಗೋಣ ಎಂದ ಜುವಾಕಿಂ. ಹೋದರೆ ಅವರು ಮೊದಲು ಕೂರಿಸಿಕೊಳ್ಳುವುದು ನಿಮ್ಮನ್ನೇ ಎಂದರು ಸಾಯಬರು. ಅವರ ಮುಖವೂ ಬಾಡಿತ್ತು. ಹೇಳಲೋ ಬೇಡವೋ ಎಂಬಂತೆ ಬಾಯಿಬಿಟ್ಟರು. ಒಂದು ತಿಂಗಳ ಹಿಂದೆ ವೆಂಕಟರಾಮಯ್ಯನವರ ವೀಸಾ ರದ್ದಾಗಿತ್ತಂತೆ. ಬೇರೊಬ್ಬರು ಲೆಕ್ಕ ವಹಿಸಿಕೊಂಡು ಸಹಿ ಹಾಕುವವರೆಗೆ ಪಾಸ್‌ಪೋರ್ಟು ಕೊಡುವುದಿಲ್ಲ ಎಂದು ಸಾಯಬರು ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರಂತೆ. ವೆಂಕಟರಾಮಯ್ಯನವರು ಹನ್ನೊಂದು ಜನರನ್ನು ಕೇಳಿದ್ದರು. ಬಿಟ್ಟಿ ಚಾಕರಿ ಯಾರಿಗೂ ಬೇಕಿರಲಿಲ್ಲ.

"ಕಡೆಗೆ ನನ್ನಲ್ಲಿ ಬಂದು ಕೇಳಿದ್ರು ಮಾರಾಯ್ರೆ, ವಿಲ್ಲಾದಲ್ಲಿ ಎಲ್ಲರಿಗಿಂತ ಹೆಚ್ಚು ಸಂಶಯದ ಮನುಷ್ಯ ಯಾರು ಅಂತ. ಲೆಕ್ಕ ನೋಡಲಿಕ್ಕೆ ಅಂಥವನೇ ಬೇಕಲ್ಲ ಅಂತ ನಾನು ನಿಮ್ಮ ಹೆಸರು ಹೇಳಿದೆ."

ಕೌಂಟರಿನ ಮೇಲಿನ ಕಾರ್ಬನ್ ಪ್ರತಿ ಮರೆತದ್ದಲ್ಲ, ತನಗೆಂದೇ ಇಟ್ಟ ಗಾಳ ಎಂದು ಜುವಾಕಿಂಗೆ ಆಗ ಹೊಳೆಯಿತು. ಅವನು ವಿಲ್ಲಾಕ್ಕೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಮೂವತ್ತೆಂಟು ಸಾವಿರಕ್ಕೆ ಸಹಿ ಹಾಕಿದವನು ಈಗ ಇಲ್ಲ ಅನ್ನುತ್ತಾನಂತೆ ಎಂದು ಅಡುಗೆಮನೆಯಲ್ಲಿ ಯಾರೋ ಅನ್ನುತ್ತಿದ್ದರು. ಬೀಪಾತುಮ್ಮ ತಾನು ಯಾರ ಮೇಲೂ ಹೇಳುವವಳಲ್ಲ ಎನ್ನುತ್ತಲೇ, ಮಾರ್ಟಿನಾಳ ಕೈಯ ಚಿನ್ನದ ಬಳೆ ಯಾವಾಗ ಕೊಂಡದ್ದು ಎಂದು ಕೇಳಿ ಬಂದಿದ್ದಳು. ಬರುವ ಒಂದನೇ ತಾರೀಖಿಗೆ ಗೋಕಾಕಕ್ಕೆ ಡ್ರಾಫ್ಟು ಹೋಗಬೇಕು, ಅದು ಈ ಮುಖ್ತ್ಯಾರನ ಕತ್ತರಿಸಿದ ಸಂಬಳದಿಂದಲೇ ಹೋಗಬೇಕು. ಆ ಹೆಂಗಸಿಗೆ ಮತ್ತೆ ಐನೂರೇ ಕಳಿಸುವ ಮುಖವೂ ಅವನಿಗಿರಲಿಲ್ಲ.

ಅವನು ಅಂಗಳಕ್ಕೆ ಹೋಗಿ ಹೊನ್ನಪ್ಪನ ಪಕ್ಕ ಕೂತ. ಹೇಳದೆ ಇರಲಾಗಲಿಲ್ಲ. ರಸೀದಿ, ಬ್ಯಾಂಕು, ಓದದೆ ಹಾಕಿದ ಸಹಿ, ಒಂದನ್ನೂ ಮುಚ್ಚಿಡದೆ ಹೇಳಿದ. ನಿನ್ನ ದುಡ್ಡು ಹೋಯಿತು, ತಡೆಯಬೇಕಾದವನು ನಾನೇ ಕಳ್ಳನಿಗೆ ಬಾಗಿಲು ತೆರೆದುಕೊಟ್ಟೆ ಎಂದ.

ಹೊನ್ನಪ್ಪ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ. ಅಂದು ಅವನ ಬುದ್ಧಿ ತಿಳಿಯಾಗಿತ್ತು. ಜುವಾಕಿಂನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟ.

"ನನ್ನ ಕಡಿಂದಾನೂ ಹಿಂಗ ಸಹಿ ಮಾಡಿಸ್ಕೊಂಡಿದ್ರು ಬಿಡ್ರಿ. ಅವಾಗ ನನ್ನ ತಲಿಗಿ ಪೆಟ್ಟು ಬಿದ್ದಿತ್ತು" ಎಂದು, ಬಹಳ ಕಳಕಳಿಯಿಂದ ಅವನ ಮುಖ ನೋಡಿ ಕೇಳಿದ. "ನಿಮಗೇನಾಗಿತ್ರಿ, ಜೋಕಪ್ಪನವರ?"